ಬಣ್ಣದ ವೇಷ ಮೆಚ್ಚಿದ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಎರಡನೆಯ ಕೊಯ್ಲಿನ ಅಡಿಕೆ ಅಂಗಳದಲ್ಲಿ ಒಣಗುತ್ತಿದೆ. ಸಂಜೆ ಒಂದು ತುಂಡು ಮೋಡ ಕಂಡರೂ ಸಾಕು, ನಿನ್ನ ಮಾವ ಟಾರ್ಪಾಲು ಹಿಡಿದು ಓಡುತ್ತಾರೆ. ಮೊಬೈಲಿನಲ್ಲಿ ಬರೆದು ಕಳಿಸಲು ನನಗೂ ಬರುತ್ತದೆ. ಆದರೆ ಅದನ್ನು ನೀನು ಎರಡು ತರಗತಿಗಳ ನಡುವೆ ಓದಿ ಮುಗಿಸಿಬಿಡುತ್ತೀಯೆ. ಇದನ್ನು ಕುಳಿತು ಓದಬೇಕೆಂಬ ಆಸೆಯಿಂದ ಕಾಗದ ತೆಗೆದುಕೊಂಡೆ.

ನಿನ್ನ ಅಮ್ಮ ಮೊನ್ನೆ ಫೋನ್ ಮಾಡಿ ಅರ್ಧ ಗಂಟೆ ಮಾತನಾಡಿದಳು. ಕೋಣೆಯ ಗೋಡೆಯಲ್ಲಿ ರಾವಣ, ದುರ್ಯೋಧನ, ಮಹಿಷಾಸುರ, ಅವರ ಪಕ್ಕದಲ್ಲಿ ಅವಳಿಗೆ ಹೆಸರೇ ತಿಳಿಯದ ಪರದೇಶದ ಖಳರು. ದೇವರ ಪಟ ಹುಡುಕಿದರೂ ಸಿಗುವುದಿಲ್ಲವಂತೆ. ರಾತ್ರಿ ಎರಡು ಗಂಟೆಯವರೆಗೆ ಯಾರೋ ನಟನ ಪರವಾಗಿ ಯಾರ ಜೊತೆಗೋ ಜಗಳವಂತೆ. ‘ಅತ್ತಿಗೆ, ನೀವೇ ಸ್ವಲ್ಪ ಬುದ್ಧಿ ಹೇಳಿ’ ಎಂದಳು. ಗೋಡೆಯ ರಾಕ್ಷಸರ ಬಗ್ಗೆ ನನಗೆ ತಕರಾರಿಲ್ಲ, ಅವರು ಅಲ್ಲೇ ಇರಲಿ ಎಂದು ಅವಳಿಗೂ ಹೇಳಿದ್ದೇನೆ. ನನ್ನನ್ನು ಕಾಡುತ್ತಿರುವುದು ಹೋದ ವಾರ ನೀನೇ ನಗುತ್ತ ಹೇಳಿದ ಆ ಇನ್ನೊಂದು ಚಿತ್ರ. ಅದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಾನು ರಾಕ್ಷಸರನ್ನು ಮೆಚ್ಚಿದ ಕಥೆ ಕೇಳು.

ನನಗೆ ಆಗ ಒಂಬತ್ತು ವರ್ಷ. ನೆರೆಮನೆಯವರು ಯಕ್ಷಗಾನದ ಹರಕೆಯಾಟ ಆಡಿಸಿದ್ದರು. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ, ಗ್ಯಾಸ್‌ಲೈಟಿನ ಬೆಳಕು, ಪ್ರಸಂಗ ದೇವಿ ಮಹಾತ್ಮೆ. ನಿನ್ನ ಅಜ್ಜ ನನ್ನ ಕೈ ಹಿಡಿದು, ವೇಷ ಕಟ್ಟಿಕೊಳ್ಳುವ ಚೌಕಿಯೊಳಗೆ ಕರೆದುಕೊಂಡು ಹೋದರು. ಗಣಪತಿಯ ಮುಂದೆ ದೀಪ ಉರಿಯುತ್ತಿತ್ತು. ಎರಡೂ ಬದಿ ವೇಷಧಾರಿಗಳು ನೆಲದ ಮೇಲೆ ಸಾಲಾಗಿ ಕುಳಿತಿದ್ದರು, ಒಬ್ಬೊಬ್ಬರ ಮುಂದೆಯೂ ಒಂದು ಕನ್ನಡಿ. ಕೊನೆಯಲ್ಲಿ ಮಹಿಷಾಸುರನ ವೇಷದವರು. ಅಕ್ಕಿ ಅರೆದ ಹಿಟ್ಟಿಗೆ ಸುಣ್ಣ ಕಲಸಿಟ್ಟುಕೊಂಡು, ಅದನ್ನು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಒಂದೊಂದಾಗಿ ಇಡುತ್ತಿದ್ದರು. ಕಡ್ಡಿಯನ್ನು ಎತ್ತುವಾಗ ಹಿಟ್ಟು ಎಳೆದುಕೊಂಡು ಮುಳ್ಳಿನ ಹಾಗೆ ನಿಲ್ಲುತ್ತಿತ್ತು. ಒಂದು ನಿಂತ ಮೇಲೆ ಅದರ ಪಕ್ಕದ್ದು, ಒಂದು ಸಾಲು ಆದ ಮೇಲೆ ಇನ್ನೊಂದು ಸಾಲು. ಚುಟ್ಟಿ ಎನ್ನುವುದು ಅದನ್ನೇ. ಬಣ್ಣದ ವೇಷಕ್ಕೆ, ಎಂದರೆ ಇಂಥ ರಾಕ್ಷಸ ವೇಷಕ್ಕೆ, ಮುಖ ಬರೆದು ಮುಗಿಸಲು ಮೂರು ನಾಲ್ಕು ಗಂಟೆ ಬೇಕು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅವರು ತುಟಿ ಅಲ್ಲಾಡಿಸದೆ, ‘ನಗಿಸಬೇಡ ಮಗೂ, ನಕ್ಕರೆ ಚುಟ್ಟಿ ಬಿರಿಯುತ್ತದೆ’ ಎಂದರು. ನಾನು ಏನೂ ಹೇಳಿರಲಿಲ್ಲ. ನನ್ನ ಮುಖ ಹಾಗಿದ್ದಿರಬೇಕು.

ಮಹಿಷಾಸುರ ಬೇರೆ ವೇಷಗಳ ಹಾಗೆ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಕುಳಿತ ಜನರ ಬೆನ್ನ ಹಿಂದಿನಿಂದ, ಕತ್ತಲೆಯೊಳಗಿನಿಂದ ಬರುತ್ತಾನೆ. ಮೊದಲು ದೂರದಲ್ಲಿ ಕೂಗು, ಆಮೇಲೆ ದೊಂದಿಗಳು, ರಾಳದ ಪುಡಿ ಬಿದ್ದು ಭಗ್ಗೆಂದು ಏಳುವ ಬೆಂಕಿ, ಆ ಬೆಂಕಿಯಲ್ಲಿ ಕಂಡು ಮರೆಯಾಗುವ ಎರಡು ಕೊಂಬು. ಮಕ್ಕಳೆಲ್ಲ ಅಮ್ಮಂದಿರ ಸೆರಗಿನೊಳಗೆ ಹೊಕ್ಕವು. ನಾನು ಎದ್ದು ನಿಂತೆ. ಅಷ್ಟು ಹತ್ತಿರದಿಂದ ಹಾದುಹೋದ ಎಂದರೆ ಅವನ ಮೈಯ ಬೆವರು, ಎಣ್ಣೆ, ಹೊಗೆ ಎಲ್ಲ ಮೂಗಿಗೆ ಬಡಿಯಿತು. ಬೆಳಗಿನ ಜಾವ ದೇವಿ ಅವನನ್ನು ಕೊಂದಾಗ ಸುತ್ತಲಿನವರು ಕೈ ಮುಗಿಯುತ್ತಿದ್ದರು, ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅಲ್ಲಿಂದ ಎಷ್ಟೋ ವರ್ಷ ನನ್ನ ನೋಟುಪುಸ್ತಕಗಳ ಹಿಂದಿನ ಪುಟಗಳಲ್ಲಿ ಕೊಂಬು, ಕೋರೆಹಲ್ಲು, ಚುಟ್ಟಿಯ ಸಾಲು ಇವೇ ಇರುತ್ತಿದ್ದವು. ಆದ್ದರಿಂದ ನಿನ್ನ ಗೋಡೆಯನ್ನು ನೋಡಿ ಬೆಚ್ಚಿಬೀಳುವ ಹೆಂಗಸು ನಾನಲ್ಲ.

ಇದು ನಿನಗೂ ನನಗೂ ಹೊಸದಾಗಿ ಹತ್ತಿದ ಗೀಳೂ ಅಲ್ಲ. ನಮ್ಮ ಭಾಷೆಗೆ ಹುಟ್ಟಿನಿಂದಲೇ ಇದೆ ಎನ್ನಬೇಕು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ರನ್ನನನ್ನು ಬಿಟ್ಟು ಈ ವಿಷಯ ಬರೆಯಲಾರೆ. ಕ್ರಿ.ಶ. 982ರ ಸುಮಾರಿಗೆ ಅವನು ಗದಾಯುದ್ಧವನ್ನು ಬರೆದ. ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಅದು, ಲೆಕ್ಕಕ್ಕೆ ನಾಯಕ ಭೀಮ. ಆದರೆ ಓದಿ ಮುಗಿಸಿದ ಮೇಲೆ ನಮ್ಮ ಜೊತೆ ಉಳಿಯುವವನು ಯಾರು? ಸಂಜಯನ ಜೊತೆಯಲ್ಲಿ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನ. ದ್ರೋಣರ ಮುಂದೆ ನಿಲ್ಲುತ್ತಾನೆ, ಮಗನ ಮುಂದೆ ನಿಲ್ಲುತ್ತಾನೆ, ದುಶ್ಶಾಸನನ ಮುಂದೆ, ಕರ್ಣನ ಮುಂದೆ. ಅಭಿಮನ್ಯುವಿನ ಹೆಣ ಕಂಡಾಗಲಂತೂ, ಶತ್ರುವಿನ ಮಗ ಎಂಬುದನ್ನೂ ಮರೆತು, ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಕೈ ಮುಗಿಯುತ್ತಾನೆ. ಆ ಪದ್ಯವನ್ನು ತರಗತಿಯಲ್ಲಿ ಓದುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತಿತ್ತು. ರನ್ನನ ನಂತರ ಸುಮಾರು ನೂರು ವರ್ಷಕ್ಕೆ ಬಂದ ನಾಗಚಂದ್ರ ರಾವಣನಿಗೂ ಅಂಥದೊಂದು ಹೃದಯ ಕೊಟ್ಟ. ಮೂರ್ಛೆ ಹೋದ ಸೀತೆಯನ್ನು ಕಂಡು ಆ ರಾವಣ ತಾನು ಮಾಡಿದ್ದು ಕೆಟ್ಟದ್ದೆಂದು ಪಶ್ಚಾತ್ತಾಪಪಡುತ್ತಾನೆ. ಆದರೂ ಈಗಲೇ ಒಪ್ಪಿಸಿದರೆ ಲೋಕ ಹೇಡಿ ಎಂದೀತು, ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ತಂದು ಆಮೇಲೆ ಒಪ್ಪಿಸುತ್ತೇನೆ ಎಂದುಕೊಳ್ಳುತ್ತಾನೆ. ತಪ್ಪು ತಿಳಿದಿದೆ, ತಿದ್ದಿಕೊಳ್ಳಲು ಹಮ್ಮು ಬಿಡುವುದಿಲ್ಲ. ನನಗೆ ಅವನು ಹತ್ತಿರದವನಾಗಿ ಕಾಣುವುದು ಅಲ್ಲೇ.

ಈಗ ನಿನ್ನ ದುರ್ಯೋಧನನ ಚಿತ್ರಕ್ಕೆ ಬರುತ್ತೇನೆ. ಗದೆಯ ಮೇಲೆ ಕೈಯೂರಿ ಕುಳಿತ ಆ ಭಂಗಿ, ಆ ಭುಜದ ಇಳಿಜಾರು ನಿಜವಾಗಿಯೂ ಚೆನ್ನಾಗಿದೆ. ಮಾವ ಅದನ್ನು ಮೂರು ಸಲ ನೋಡಿದರು. ಆದರೆ ಅದರ ಕೆಳಗೆ ನೀನು ಬರೆದ ಸಾಲು, ‘ಇವನು ಮಾಡಿದ ತಪ್ಪಾದರೂ ಏನು?’ ಎಂಬುದು ಸರಿಯಿಲ್ಲ, ಪುಟ್ಟಿ. ಏನು ತಪ್ಪು ಎಂದು ಕೇಳಿದರೆ ಉತ್ತರ ಹೇಳಲು ಒಬ್ಬಳು ಇದ್ದಾಳೆ. ರನ್ನ ತನ್ನ ಕಾವ್ಯದ ಆರಂಭದಲ್ಲೇ ದ್ರೌಪದಿಯನ್ನು ತಂದು ನಿಲ್ಲಿಸುತ್ತಾನೆ. ಸಭೆಯಲ್ಲಿ ಆದದ್ದನ್ನು ಅವಳು ಭೀಮನಿಗೆ ನೆನಪಿಸುತ್ತಾಳೆ. ಆ ಮುಡಿಯ ಮಾತು ಕೇಳಿಸಿದ ಮೇಲೆಯೇ ಕವಿ ನಮ್ಮನ್ನು ದುರ್ಯೋಧನನ ಹತ್ತಿರ ಕರೆದುಕೊಂಡು ಹೋಗುವುದು. ಅವನ ದುಃಖವನ್ನು ತೋರಿಸಲು ಅವಳ ದುಃಖವನ್ನು ರನ್ನ ಅಳಿಸಲಿಲ್ಲ. ಅಳಿಸಿದ್ದರೆ ದುರ್ಯೋಧನ ಸಣ್ಣವನಾಗುತ್ತಿದ್ದ. ತಪ್ಪೇ ಮಾಡದವನು ಸತ್ತರೆ ಅಯ್ಯೋ ಪಾಪ ಎನ್ನುತ್ತೇವೆ, ಅಷ್ಟೇ. ವೈಶಂಪಾಯನ ಸರೋವರದ ನೀರಿನೊಳಗೆ ಕುಳಿತೂ ಬೆವರುವ ಆ ಮನುಷ್ಯ ನಿನ್ನನ್ನೂ ನನ್ನನ್ನೂ ಹಿಡಿದು ಅಲುಗಾಡಿಸುವುದು ಅವನು ತಪ್ಪು ಮಾಡಿದವನಾದ್ದರಿಂದಲೇ. ಆ ಸಾಲನ್ನು ತೆಗೆದುಹಾಕು. ಚಿತ್ರಕ್ಕೆ ಅದರ ಹಂಗು ಬೇಕಾಗಿಲ್ಲ.

ಆಟದ ರಾತ್ರಿಯ ಕಥೆಯಲ್ಲಿ ಒಂದು ಭಾಗವನ್ನು ಬಿಟ್ಟಿದ್ದೇನೆ. ಐವತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ, ನಿನ್ನ ಅಪ್ಪನಿಗೂ ಗೊತ್ತಿಲ್ಲ.

ಚೌಕಿಯಲ್ಲಿ ಒಬ್ಬ ಹುಡುಗನಿದ್ದ. ನನಗಿಂತ ಒಂದೆರಡು ವರ್ಷ ದೊಡ್ಡವನು, ಮೇಳದಲ್ಲಿ ಕೆಲಸ ಮಾಡುತ್ತ ಕುಣಿತ ಕಲಿಯುತ್ತಿದ್ದವನು. ಚುಟ್ಟಿ ಇನ್ನೇನು ಮುಗಿಯಬೇಕು ಎನ್ನುವಾಗ ನೀರಿನ ಚೊಂಬು ತರುತ್ತಿದ್ದ ಅವನ ಕಾಲು ಪೆಟ್ಟಿಗೆಗೆ ತಾಗಿ, ಕನ್ನಡಿ ಬಿದ್ದು ಒಡೆಯಿತು. ಮಹಿಷಾಸುರನ ವೇಷದವರು ಕುಳಿತಲ್ಲಿಂದಲೇ ಅವನ ಕೆನ್ನೆಗೆ ಬಾರಿಸಿದರು. ನನಗೆ ‘ಮಗೂ’ ಎಂದ ಅದೇ ಮನುಷ್ಯ. ಹುಡುಗನ ತುಟಿ ಒಡೆದು ರಕ್ತ ಬಂತು. ಗದ್ದಲ ಕೇಳಿ ಬಂದ ಮೇಳದ ಯಜಮಾನರು ಏನಾಯಿತು ಎಂದು ಕೇಳಿದರು. ಹತ್ತಿರವೇ ನಿಂತು ನೋಡಿದ್ದವಳು ನಾನು. ನಾನು ಹೇಳಿದೆ: ‘ಅವನು ಬೇಕೆಂದೇ ಬೀಳಿಸಿದ.’

ಯಾಕೆ ಹಾಗೆ ಹೇಳಿದೆ? ಆ ಹೊತ್ತಿಗಾಗಲೇ ಆ ವೇಷ ನನ್ನದಾಗಿತ್ತು. ಆ ಮುಖಕ್ಕೆ ಮೂರು ಗಂಟೆ ನಾನೂ ಕಾದಿದ್ದೆ. ಅಂಥ ಮುಖ ಬರೆದುಕೊಳ್ಳುವವರು ಕೆಟ್ಟದ್ದು ಮಾಡಿದರು ಎಂದು ಒಪ್ಪಲು ಮನಸ್ಸು ಬರಲಿಲ್ಲ. ಹುಡುಗ ನನ್ನನ್ನು ಒಮ್ಮೆ ನೋಡಿದ. ಯಜಮಾನರಿಂದಲೂ ಬೈಗುಳ ತಿಂದ. ಏನೂ ಮಾತನಾಡದೆ ಗಾಜಿನ ಚೂರು ಆಯತೊಡಗಿದ.

ಬೆಳಿಗ್ಗೆ ಆಟ ಮುಗಿದ ಮೇಲೆ ನಿನ್ನ ಅಜ್ಜ ಆ ಹುಡುಗನನ್ನು ನಮ್ಮ ಮನೆಗೆ ಕರೆದುಕೊಂಡು ಬಂದರು. ಗಂಜಿ ಬಡಿಸು ಎಂದು ನನಗೇ ಹೇಳಿದರು. ನಾನು ಬಡಿಸಿದೆ, ಉಪ್ಪಿನಕಾಯಿ ಹಾಕಿದೆ. ಒಡೆದ ತುಟಿಗೆ ಖಾರ ತಾಗಿ ಅವನು ಮುಖ ಹಿಂಡಿದ. ಉಂಡು, ಬಟ್ಟಲು ತೊಳೆದಿಟ್ಟು ಹೋದ. ಆಮೇಲೆ ನಾನು ಅಪ್ಪಯ್ಯನನ್ನು ಕೇಳಿದೆ, ‘ನಿಮಗೆ ಆ ವೇಷ ಇಷ್ಟವಾಗಲಿಲ್ಲವೇ?’ ಅವರು ಸಿಟ್ಟು ಮಾಡಲಿಲ್ಲ. ಹೇಳಿದ್ದು ಇಷ್ಟೇ: ‘ವೇಷ ಬಹಳ ಚೆನ್ನಾಗಿತ್ತು. ಹುಡುಗನಿಗೆ ಹೊಡೆದದ್ದು ತಪ್ಪು. ನೀನು ಹೇಳಿದ್ದು ಸುಳ್ಳು. ಮೂರೂ ನಿನ್ನೆ ರಾತ್ರಿಯೇ ಆದದ್ದು.’

ಅವರು ಆಮೇಲೆಯೂ ಆ ಮೇಳದ ಆಟಕ್ಕೆ ಹೋಗುತ್ತಿದ್ದರು, ಆ ವೇಷವನ್ನು ಮೆಚ್ಚುತ್ತಿದ್ದರು. ಆ ಹುಡುಗ ಮತ್ತೆ ನನಗೆ ಸಿಗಲಿಲ್ಲ. ನನ್ನ ಬಾಯಿಂದ ಬರಬೇಕಾಗಿದ್ದ ಮಾತು ಬಾಯಲ್ಲೇ ಉಳಿದಿದೆ.

ಈಗ ನಿನ್ನ ಆ ಇನ್ನೊಂದು ಚಿತ್ರ. ನಿನ್ನ ಮೆಚ್ಚಿನ ನಟನ ಖಳಪಾತ್ರ ಸೊರಗಿದೆ, ಹೆಣ್ಣಿಗೆ ಹೊಡೆಯುವುದನ್ನು ಶೌರ್ಯದ ಹಾಗೆ ತೋರಿಸಿದ್ದಾರೆ ಎಂದು ಯಾವುದೋ ಊರಿನ ಹುಡುಗಿ ಬರೆದಳು. ನಿಮ್ಮ ಗುಂಪಿನವರು ಅವಳ ಫೋಟೋ ಹುಡುಕಿ ತೆಗೆದರು. ನೀನು ಆ ಫೋಟೋಕ್ಕೆ ಕೋರೆಹಲ್ಲು ಬರೆದೆ, ಹಣೆಗೆ ಕೊಂಬು ಇಟ್ಟೆ. ಚೆನ್ನಾಗಿ ಬರೆದಿದ್ದರಿಂದಲೇ ಅದು ಊರೆಲ್ಲ ಹರಡಿತು. ‘ಅತ್ತೆ, ಅವಳು ಎರಡು ದಿನದಲ್ಲಿ ಬಾಯಿ ಮುಚ್ಚಿಕೊಂಡಳು’ ಎಂದೆ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಣ್ಣದ ವೇಷದವರು ಕೋರೆಹಲ್ಲನ್ನು ತಾವೇ ಧರಿಸುತ್ತಾರೆ. ಮೂರು ಗಂಟೆ ನೆಟ್ಟಗೆ ಕುಳಿತು, ಸುಣ್ಣದ ಉರಿ ತಡೆದುಕೊಂಡು, ನಗುವನ್ನೂ ಬಿಟ್ಟು ತಾವೇ ಆ ಮುಖ ತಂದುಕೊಳ್ಳುತ್ತಾರೆ. ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ತಾವೇ ತೆಗೆಯುತ್ತಾರೆ. ಆ ಹುಡುಗಿ ನಿನ್ನ ಮುಂದೆ ಬಂದು ಕುಳಿತಿರಲಿಲ್ಲ. ಅವಳಿಗೆ ನೀನು ಹಾಕಿದ ಬಣ್ಣವನ್ನು ತೆಗೆಯಲು ಅವಳ ಹತ್ತಿರ ಎಣ್ಣೆಯೂ ಇಲ್ಲ. ನಾಳೆ ಕೆಲಸ ಕೇಳಿಕೊಂಡು ಹೋದಲ್ಲಿ, ಮದುವೆಯ ಮಾತುಕತೆಯಲ್ಲಿ, ಯಾರಾದರೂ ಅವಳ ಹೆಸರು ಹುಡುಕಿದರೆ ಆ ಚಿತ್ರ ಮೇಲೆ ಬರಬಹುದು. ಅವಳು ಹೇಳಿದ್ದು ಸರಿಯೋ ತಪ್ಪೋ ಬೇರೆ ಮಾತು, ನಾನು ಆ ಸಿನಿಮಾ ನೋಡಿಲ್ಲ. ಆದರೆ ಅವಳು ಮಾತನಾಡಿದ್ದು ಪರದೆಯ ಮೇಲಿನ ಒಂದು ಪಾತ್ರದ ಬಗ್ಗೆ. ನೀನು ಬರೆದದ್ದು ಅವಳ ಮುಖದ ಮೇಲೆ.

‘ಎಲ್ಲರೂ ಮಾಡಿದರು’ ಎಂದೂ ನೀನು ಹೇಳಿದೆ. ಎಲ್ಲರೂ ಸೇರಿದಾಗ ಏನಾಗುತ್ತದೆ ಎಂದು ನಾನು ಒಮ್ಮೆ ನೋಡಿದ್ದೇನೆ. ಆಗ ನೀನು ತೊಟ್ಟಿಲಲ್ಲಿದ್ದೆ. ನಿನ್ನನ್ನು ನೋಡಲೆಂದೇ ಬೆಂಗಳೂರಿಗೆ ಬಂದಿದ್ದೆ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಅಭಿಮಾನಿಗಳನ್ನು ದೇವರುಗಳೆಂದು ಕರೆದ ಮನುಷ್ಯ. ಅವರನ್ನು ಕಳೆದುಕೊಂಡ ದುಃಖ ನಿಜವಾದದ್ದು, ನಾನೂ ಅತ್ತಿದ್ದೇನೆ. ಆದರೆ ಆ ಎರಡು ದಿನ ಬೀದಿಯಲ್ಲಿ ಕಲ್ಲು, ಬೆಂಕಿ. ಒಬ್ಬ ಪೊಲೀಸ್ ಸಿಬ್ಬಂದಿ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನಿನಗೆ ಹಾಲು ತರಲು ಹೊರಟ ನಿನ್ನ ಅಪ್ಪ ಬರಿಗೈಯಲ್ಲಿ ಗೋಡೆ ಹಿಡಿದುಕೊಂಡು ಹಿಂತಿರುಗಿದ. ಅದೇ ದಿನ, ಅದೇ ಊರಿನಲ್ಲಿ, ರಾಜ್‌ಕುಮಾರರ ಕಣ್ಣುಗಳನ್ನು ಅವರ ಇಚ್ಛೆಯಂತೆ ದಾನ ಮಾಡಲಾಯಿತು. 2021ರಲ್ಲಿ ಪುನೀತ್ ಹೋದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ಊರೂರಿನಲ್ಲಿ ಜನ ಸಾಲು ನಿಂತು ನೇತ್ರದಾನಕ್ಕೆ ಹೆಸರು ಬರೆಸಿದರು. ನಾನೂ ನಿನ್ನ ಮಾವನೂ ಬರೆಸಿದ್ದು ಆಗಲೇ. ಆ ತಂದೆಮಕ್ಕಳನ್ನು ನೆನೆದಾಗಲೆಲ್ಲ ನನಗೆ 1983ರ ಭಕ್ತ ಪ್ರಹ್ಲಾದವೂ ನೆನಪಾಗುತ್ತದೆ. ಹಿರಣ್ಯಕಶಿಪು ಅಪ್ಪ, ಪ್ರಹ್ಲಾದ ಮಗ. ಕ್ಯಾಮೆರಾ ನಿಂತೊಡನೆ ಆ ರಾಕ್ಷಸ ಮಗುವನ್ನು ಎತ್ತಿಕೊಂಡಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ.

ಅಭಿಮಾನ ಎಂಬ ಮಾತನ್ನು ನೋಡು. ಪ್ರೀತಿಗೂ ಅದೇ ಪದ, ಹಮ್ಮಿಗೂ ಅದೇ ಪದ. ದುರ್ಯೋಧನನನ್ನು ಅಭಿಮಾನಧನ ಎನ್ನುತ್ತಾರೆ. ಅವನನ್ನು ನೀರಿನೊಳಗೂ ಬೆವರಿಸಿದ್ದು ಅದೇ. ನಿಮ್ಮ ಗುಂಪಿನಲ್ಲಿ ಯಾವುದು ಎಷ್ಟಿದೆ ಎಂದು ನಾನು ದೂರದಿಂದ ಹೇಳಲಾರೆ. ನಿನಗೆ ಕಾಣುತ್ತದೆ, ನೋಡಲು ಮನಸ್ಸು ಮಾಡಬೇಕು. ನಿನ್ನ ಮೆಚ್ಚಿನ ನಟ ಒಳ್ಳೆಯವರೇ ಇರಬಹುದು. ಆದರೆ ಅವರನ್ನು ಕಾಯುವ ಕೆಲಸವನ್ನು ಅವರು ನಿನಗೆ ಕೊಟ್ಟಿಲ್ಲ. ನಾಳೆ ಅವರಿಂದಲೇ ಏನಾದರೂ ತಪ್ಪು ನಡೆದರೆ, ಕನ್ನಡಿ ಬೇಕೆಂದೇ ಬೀಳಿಸಿದ ಎಂದು ನಾನು ಹೇಳಿದ ಹಾಗೆ ನೀನು ಹೇಳಬಾರದು.

ಆ ಹುಡುಗಿಗೆ ಬರೆ. ನಿನ್ನ ಹೆಸರು ಹಾಕಿ, ಆ ಚಿತ್ರ ಬರೆದವಳು ನಾನು, ತಪ್ಪಾಯಿತು ಎಂದು ಬರೆ. ಸಿನಿಮಾದ ಬಗ್ಗೆ ಒಂದು ಅಕ್ಷರವೂ ಬೇಡ, ‘ಆದರೆ’ ಎಂಬ ಪದವೂ ಬೇಡ. ನೀನು ಹಾಕಿದಲ್ಲೆಲ್ಲ ಅದನ್ನು ಅಳಿಸು. ಗುಂಪಿನವರಿಗೂ ಅಳಿಸಲು ಹೇಳು, ನಿನ್ನ ಗೆಳತಿಯರು ಮುನಿಸಿಕೊಂಡರೂ ಹೇಳು. ಅವಳು ಉತ್ತರ ಕೊಡದೆ ಇರಬಹುದು, ಬೈಯಲೂಬಹುದು. ಅವಳಿಗೆ ಆ ಹಕ್ಕಿದೆ. ನಿನಗೆ ಅವಳು ಸಿಗುತ್ತಾಳೆ, ಪುಟ್ಟಿ. ನನಗೆ ಆ ಹುಡುಗ ಸಿಗಲಿಲ್ಲ.

ಅದಾದ ಮೇಲೆ ಇಲ್ಲಿಗೆ ಬಾ. ಮುಂದಿನ ತಿಂಗಳು ಮೇಲಿನ ಮನೆಯವರ ಹರಕೆಯಾಟ ಇದೆ, ಅದೇ ದೇವಿ ಮಹಾತ್ಮೆ. ಚಿತ್ರದ ಪುಸ್ತಕ ತಾ. ನಿನ್ನ ಮಹಿಷಾಸುರನನ್ನು ಭೂತಗನ್ನಡಿ ಹಿಡಿದು ನೋಡಿದೆ. ಕಣ್ಣು ಚೆನ್ನಾಗಿದೆ, ಕೊಂಬಿನ ತಿರುವೂ ಸರಿ. ಚುಟ್ಟಿ ಮಾತ್ರ ತಪ್ಪಿದೆ. ನೀನು ಅದನ್ನು ಬಿಳಿ ಪಟ್ಟಿಯ ಹಾಗೆ ಎಳೆದಿದ್ದೀಯೆ, ಫೋಟೋ ನೋಡಿ ಬರೆದರೆ ಹಾಗೇ ಕಾಣುತ್ತದೆ. ಸಂಜೆಯೇ ಚೌಕಿಗೆ ಹೋಗೋಣ, ಕೇಳಿ ಒಪ್ಪಿಗೆ ಪಡೆದು ಒಂದು ಮೂಲೆಯಲ್ಲಿ ಕುಳಿತುಕೊಳ್ಳೋಣ. ಕಡ್ಡಿ ಮೇಲೇಳುವಾಗ ಹಿಟ್ಟು ಹೇಗೆ ಎಳೆಯುತ್ತದೆ, ಮುಳ್ಳಿನ ನೆರಳು ಕೆನ್ನೆಯ ಮೇಲೆ ಯಾವ ಕಡೆಗೆ ಬೀಳುತ್ತದೆ ಎಂದು ಹತ್ತಿರದಿಂದ ನೋಡು. ರಾತ್ರಿ ಗದ್ದೆಯಲ್ಲಿ ಮಂಜು ಬೀಳುತ್ತದೆ, ಸ್ವೆಟರ್ ಮರೆಯಬೇಡ. ಬಸ್ ಇಳಿದೊಡನೆ ಫೋನ್ ಮಾಡು, ಮಾವ ಜೀಪು ತರುತ್ತಾರೆ.

ನಿನ್ನ ಪ್ರೀತಿಯ
ಅತ್ತೆ